ಬಿಸುವಿಗೆ ಮೂರೇ ಸಾಲು
(ನಡೆಸಲಾಗುವ ಗುರಿ ಹಾಕಿಕೊಳ್ಳುವ ಬಗ್ಗೆ ಒಬ್ಬ ಅಡಿಕೆ ಕೃಷಿಕನ ಪಾಠ)

2018ರ ನನ್ನ ಡೈರಿ ಈಗಲೂ ಅಟ್ಟದಲ್ಲಿ ಉಂಟು. ಆ ವರ್ಷದ ಬಿಸುವಿನ ಬೆಳಿಗ್ಗೆ ಕಣಿ ನೋಡಿ, ಹಿರಿಯರಿಗೆ ನಮಸ್ಕಾರ ಮಾಡಿ, ಕಾಫಿ ಕುಡಿದು ಚಾವಡಿಯಲ್ಲಿ ಕೂತು ಬರೆದ ಒಂದು ಪುಟ ಅದರಲ್ಲಿದೆ. ‘ಈ ವರ್ಷ ಮಾಡಲೇಬೇಕಾದದ್ದು’ ಅಂತ ಮೇಲೆ ದಪ್ಪಕ್ಷರದಲ್ಲಿ ತಲೆಬರಹ. ಕೆಳಗೆ ಹನ್ನೊಂದು ಸಾಲು.

1. ಅಡಿಕೆ 15 ಕ್ವಿಂಟಾಲಿಗೆ ಏರಿಸುವುದು. 2. ಸೊಸೈಟಿ ಸಾಲ ಪೂರ್ತಿ ತೀರಿಸುವುದು. 3. ಇಡೀ ತೋಟಕ್ಕೆ ಡ್ರಿಪ್. 4. ಮೀನಿನ ಹೊಂಡ. 5. ಜೇನು ಪೆಟ್ಟಿಗೆ ಹತ್ತು. 6. ಗೋಬರ್ ಗ್ಯಾಸ್ ರಿಪೇರಿ. 7. ಕರಿಮೆಣಸು 200 ಬಳ್ಳಿ ನೆಡುವುದು. 8. ದಿನಾ ಲೆಕ್ಕ ಬರೆಯುವುದು. 9. ಮನೆಯವಳ ಮೊಣಕಾಲು ಡಾಕ್ಟರಿಗೆ ತೋರಿಸುವುದು. 10. ಕೊಳೆರೋಗಕ್ಕೆ ಸರಿಯಾಗಿ ಮದ್ದು ಬಿಡುವುದು. 11. ಬೇಗ ಏಳುವುದು.

ನನ್ನದು ಆರುನೂರು ಮರದ ಸಣ್ಣ ತೋಟ. ಸಾಧಾರಣ ವರ್ಷದಲ್ಲಿ ಹನ್ನೆರಡು ಕ್ವಿಂಟಾಲ್ ಚಾಲಿ ಆಗುತ್ತದೆ. ಮನೆಯಲ್ಲಿ ದುಡಿಯುವವರು ಎರಡೇ ಜನ. ಇಷ್ಟು ಇಟ್ಟುಕೊಂಡು ಹನ್ನೊಂದು ಗುರಿ!

ಆದದ್ದೇನು? ಮೇ ತಿಂಗಳಲ್ಲಿ ಜೆಸಿಬಿ ಸಿಕ್ಕಿತು ಅಂತ ಮೀನಿನ ಹೊಂಡ ತೋಡಿಸಿದೆ. ಮದ್ದಿಗೆ ಅಂತ ಇಟ್ಟ ಹಣ ಹೊಂಡಕ್ಕೆ ಹೋಯಿತು. ಕೆಲಸದವರೂ ಹೊಂಡದ ಬದಿಯಲ್ಲೇ. ಮೈಲುತುತ್ತು ಮನೆಗೆ ಬರುವಾಗ ಜೂನ್ ಎರಡನೇ ವಾರ, ಮಳೆ ಹಿಡಿದಾಗಿತ್ತು. ಎಡೆ ಬಿಟ್ಟಾಗ ಅರ್ಧ ತೋಟಕ್ಕೆ ಮದ್ದಾಯಿತು, ಉಳಿದರ್ಧಕ್ಕೆ ಆಗಲಿಲ್ಲ. ಎರಡನೇ ಸಲಕ್ಕೆ ಮಳೆ ಎಡೆಯನ್ನೇ ಕೊಡಲಿಲ್ಲ. 2018ರ ಮಳೆಗಾಲ ಹೇಗಿತ್ತು ಎಂದು ಕರಾವಳಿಯವರಿಗೂ ಕೊಡಗಿನವರಿಗೂ ಮಲೆನಾಡಿನವರಿಗೂ ನಾನು ಹೇಳಬೇಕಾಗಿಲ್ಲ. ಆಟಿಯಲ್ಲಿ ತೋಟಕ್ಕೆ ಇಳಿದರೆ ಕಾಲಿಡಲು ಜಾಗ ಇಲ್ಲದ ಹಾಗೆ ಎಳೆ ಅಡಿಕೆ ಬಿದ್ದಿತ್ತು. ಕೊನೆಗೆ ಕೈಗೆ ಬಂದದ್ದು ಐದು ಕ್ವಿಂಟಾಲ್. ಹೊಂಡದ ಬದಿಯೂ ಜುಲೈಯಲ್ಲಿ ಜರಿಯಿತು.

ಒಂದು ರಾತ್ರಿ ಡೈರಿ ತೆಗೆದು ಮನೆಯವಳಿಗೆ ಓದಿ ಹೇಳಿದೆ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿ, “ನೀವು ಬರೆದದ್ದು ಹನ್ನೊಂದು. ನನಗೆ ಕಂಡದ್ದು ಒಂದು ಹೊಂಡ ಮಾತ್ರ” ಎಂದಳು. ನಾನು ಉತ್ತರ ಹೇಳಲಿಲ್ಲ. ಒಂಬತ್ತನೇ ಸಾಲು ಓದುವಾಗ ಸ್ವರ ಸಣ್ಣ ಮಾಡಿದ್ದೆ, ಅವಳಿಗೆ ಕೇಳಿಸಿರಬೇಕು.

ಆಮೇಲಿನ ವರ್ಷಗಳಲ್ಲಿ ಬಿಸುವಿಗೆ ನಾನು ಬರೆಯುವುದು ಮೂರೇ ಸಾಲು. ಎಲ್ಲ ವರ್ಷವೂ ಮೂರೂ ಆಗಿದೆ ಎನ್ನಲಾರೆ. ಆದರೆ ಹೆಚ್ಚಿನವು ಆಗಿವೆ. ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಜ್ಞಾನವೇನೂ ಅಲ್ಲ, ಕಳಕೊಂಡು ಕಲಿತದ್ದು.

ಜನವರಿಯೋ, ಬಿಸುವೋ?

ಜನವರಿ 1ಕ್ಕೆ ಸಂಕಲ್ಪ ಮಾಡುವುದು ಈಗ ಹಳ್ಳಿಗೂ ಬಂದಿದೆ. ಮಾಡುವವರು ಮಾಡಲಿ. ಅಡಿಕೆಯವನಿಗೆ ಮಾತ್ರ ಅದು ಹೇಳಿದ ದಿನ ಅಲ್ಲ. ಆಗ ನಾವು ಕೊಯ್ಲಿನ ನಡುವೆ ಇರುತ್ತೇವೆ. ಅಂಗಳ ತುಂಬ ಅಡಿಕೆ, ತೋಟಕ್ಕೆ ನೀರು ಬೇರೆ. ಆ ವರ್ಷ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಆಗ ಗೊತ್ತಿರುವುದಿಲ್ಲ. ಲೆಕ್ಕ ಗೊತ್ತಿಲ್ಲದೆ ಹಾಕಿದ ಗುರಿ ಗಾಳಿಗೆ ಹಾಕಿದ ಗಂಟು.

ಬಿಸು ಬರುವುದು ಎಪ್ರಿಲ್ ನಡುವಿಗೆ. ಕೊಯ್ಲು ಮುಗಿದಿರುತ್ತದೆ. ಒಣಗಿದ ಅಡಿಕೆ ಎಷ್ಟು ಎಂದು ಕಣ್ಣಿಗೆ ಕಾಣುತ್ತದೆ. ಮಾರ್ಚ್ ಕಳೆದ ಕಾರಣ ಸೊಸೈಟಿಯ ಪುಸ್ತಕವೂ ಕೈಯಲ್ಲಿರುತ್ತದೆ. ಮಳೆಗೆ ಇನ್ನೂ ಒಂದೂವರೆ ತಿಂಗಳು ಇರುತ್ತದೆ. ಹಿಂದಿನದ್ದು ಮುಗಿದು ಮುಂದಿನದ್ದು ಶುರುವಾಗದ ಆ ಎಡೆಯಲ್ಲೇ ಕೂತು ಯೋಚಿಸಬೇಕು. ಮಲೆನಾಡಿನವರು, ಬಯಲುಸೀಮೆಯವರು ಯುಗಾದಿ ಎನ್ನಿ. ನಿಮ್ಮ ನಿಮ್ಮ ಬೆಳೆಯ ಎಡೆ ಯಾವುದೋ ಅದೇ ನಿಮಗೆ ಹೊಸ ವರ್ಷ.

ಇನ್ನೊಂದು ಮಾತು. ಬಿಸುವಿನ ದಿನ ಗದ್ದೆಗಿಳಿದು ನಾಲ್ಕು ಸಾಲು ಉತ್ತು, ಒಂದು ಹಿಡಿ ಬಿತ್ತ ಹಾಕುವ ಕ್ರಮ ನಮ್ಮ ಹಿರಿಯರಲ್ಲಿತ್ತು. ಈ ವರ್ಷ ಕಣಜ ತುಂಬಿಸುತ್ತೇನೆ ಅಂತ ಅವರು ಹೇಳಿಕೊಳ್ಳುತ್ತಿರಲಿಲ್ಲ. ಒಂದು ಹಿಡಿ ಹಾಕಿ ಬರುತ್ತಿದ್ದರು. ಇಡೀ ವರ್ಷದ ಕೆಲಸದ ಮೊದಲ ಹಿಡಿಯನ್ನು ಅದೇ ದಿನ ಮಾಡಿ ಮುಗಿಸುವುದು. ಇದರ ಅರ್ಥ ನನಗೆ ಹೊಂಡ ಜರಿದ ಮೇಲೆ ಆಯಿತು.

ಹನ್ನೊಂದು ಸಾಲು ಯಾಕೆ ಸೋತವು?

ಡೈರಿಯ ಪುಟವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಸಾಲು ಪರೀಕ್ಷೆ ಮಾಡಿದೆ. ನಾಲ್ಕು ತಪ್ಪು ಕಂಡಿತು.

ಮೊದಲನೆಯದು, ಎಲ್ಲ ಸಾಲುಗಳೂ ಅದೇ ಇಬ್ಬರ ಕೈ, ಅದೇ ಒಂದು ಕಿಸೆಯನ್ನು ನಂಬಿದ್ದವು. ಹೊಂಡ, ಡ್ರಿಪ್, ಮದ್ದು ಮೂರೂ ಮೇ ತಿಂಗಳನ್ನೇ ಕೇಳುತ್ತಿದ್ದವು. ಬರೆಯುವಾಗ ಅದು ಕಾಣಲಿಲ್ಲ.

ಎರಡನೆಯದು, ಕೆಲವು ಸಾಲು ನನ್ನ ಕೈಯಲ್ಲಿರುವ ಕೆಲಸವೇ ಅಲ್ಲ. ‘15 ಕ್ವಿಂಟಾಲ್’ ಎಂಬುದು ಫಲ. ಮಳೆ, ಬಿಸಿಲು, ರೋಗ ಎಲ್ಲ ಕೂಡಿ ಕೊಡಬೇಕಾದದ್ದು. ನನ್ನ ಕೈಯಲ್ಲಿರುವುದು ಮದ್ದು ಬಿಡುವುದು, ಗೊಬ್ಬರ ಹಾಕುವುದು, ಕಣಿ ಬಿಡಿಸುವುದು. ಫಲವನ್ನು ಗುರಿ ಮಾಡಿದವನಿಗೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದೇ ಗೊತ್ತಾಗುವುದಿಲ್ಲ.

ಮೂರನೆಯದು, ಯಾವ ಸಾಲಿಗೂ ದಿನ ಇಲ್ಲ. ‘ಈ ವರ್ಷ’ ಎಂದರೆ ಯಾವತ್ತು? ದಿನ ಇಲ್ಲದ ಕೆಲಸ ಯಾವಾಗಲೂ ನಾಳೆಯದ್ದೇ.

ನಾಲ್ಕನೆಯದು, ‘ಸರಿಯಾಗಿ’, ‘ಬೇಗ’, ‘ಪೂರ್ತಿ’ ಇಂಥ ಶಬ್ದಗಳು. ಸರಿಯಾಗಿ ಮದ್ದು ಬಿಡುವುದು ಅಂದರೆ ಎಷ್ಟು ಸಲ, ಯಾವಾಗ? ಎಣಿಸಲಾಗದ ಗುರಿಯಲ್ಲಿ ಗೆದ್ದೆವೋ ಸೋತೆವೋ ತಿಳಿಯುವುದಿಲ್ಲ.

ಮೂರು ಸಾಲಿನ ಕ್ರಮ

ಈಗ ನಮ್ಮಲ್ಲಿರುವ ಕ್ರಮ ಹೀಗೆ: ತೋಟಕ್ಕೆ ಒಂದು ಸಾಲು, ಲೆಕ್ಕಕ್ಕೆ ಒಂದು ಸಾಲು, ಮನೆಗೆ ಒಂದು ಸಾಲು. ಅಷ್ಟೆ. ಉಳಿದ ಆಸೆಗಳನ್ನು ಡೈರಿಯ ಕೊನೇ ಪುಟದಲ್ಲಿ ಬರೆದಿಡುತ್ತೇನೆ. ಅವು ಬೇಡ ಎಂದಲ್ಲ, ಈ ವರ್ಷದ್ದಲ್ಲ. ಮೀನಿನ ಹೊಂಡ ಈಗಲೂ ಆ ಪುಟದಲ್ಲೇ ಉಂಟು.

ಪ್ರತಿ ಸಾಲನ್ನು ಬರೆಯುವ ಮೊದಲು ಐದು ಪ್ರಶ್ನೆ ಕೇಳಬೇಕು.

1. ಇದು ನಾನು ಮಾಡುವ ಕೆಲಸವೋ, ಬರಬೇಕಾದ ಫಲವೋ? ಫಲವಾದರೆ ಅದರ ಹಿಂದಿನ ಕೆಲಸ ಹುಡುಕಿ ಅದನ್ನು ಬರೆಯಿರಿ.
2. ಎಣಿಸಲು ಆಗುತ್ತದೆಯೋ? ಎಷ್ಟು ಮರ, ಎಷ್ಟು ಸಲ, ಎಷ್ಟು ರೂಪಾಯಿ?
3. ಯಾವ ದಿನದೊಳಗೆ?
4. ಯಾರು ಮಾಡುವುದು, ಹಣ ಎಲ್ಲಿಂದ?
5. ಇದಕ್ಕಾಗಿ ಯಾವುದನ್ನು ಬಿಡುವುದು?

ಐದನೆಯದೇ ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಆ ಸಾಲು ನಿಲ್ಲುವುದಿಲ್ಲ.

ತೋಟದ ಸಾಲು: ಒಂದು ಉದಾಹರಣೆ

2018ರಲ್ಲಿ ‘ಕೊಳೆರೋಗಕ್ಕೆ ಸರಿಯಾಗಿ ಮದ್ದು ಬಿಡುವುದು’ ಎಂದಿದ್ದ ಸಾಲನ್ನು 2019ರ ಬಿಸುವಿಗೆ ಹೀಗೆ ಬರೆದೆ: ‘600 ಮರಕ್ಕೂ ಎರಡು ಸಲ ಬೋರ್ಡೋ. ಮೊದಲ ಸಲ ಪತ್ತನಾಜೆ ಕಳೆದ ಕೂಡಲೆ, ಮಳೆ ಹಿಡಿಯುವ ಮೊದಲು. ಎರಡನೇ ಸಲ ಆಟಿ ಸಂಕ್ರಮಣದೊಳಗೆ. ಈ ವರ್ಷ ಹೊಸ ಕೆಲಸ ಯಾವುದೂ ಮೇ ತಿಂಗಳಲ್ಲಿ ಇಲ್ಲ.’

ದಿನ ಹೇಗೆ ಗೊತ್ತುಮಾಡಿದೆ? ಹಿಂದಕ್ಕೆ ಎಣಿಸಿ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ನಮ್ಮಲ್ಲಿಗೆ ಅದರ ನಂತರ ನಾಲ್ಕೈದು ದಿನ. ನಮ್ಮ ತೋಟದಲ್ಲಿ ಮದ್ದು ಬಿಡುವವ ದಿನಕ್ಕೆ ಸುಮಾರು 150 ಮರ ಮುಗಿಸುತ್ತಾನೆ. ಹಾಗಾದರೆ 600 ಮರಕ್ಕೆ ನಾಲ್ಕು ದಿನ. ನಡುವೆ ಮಳೆ ಬಂದರೆ, ಪಂಪು ಕೆಟ್ಟರೆ ಅಂತ ಇನ್ನೂ ನಾಲ್ಕು ದಿನ ಕೈಯಲ್ಲಿ ಇಟ್ಟುಕೊಳ್ಳಬೇಕು. ಜೂನ್ 5ರಿಂದ ಎಂಟು ದಿನ ಹಿಂದೆ ಬಂದರೆ ಮೇ 28. ಪತ್ತನಾಜೆ, ಅಂದರೆ ಬೇಶ ತಿಂಗಳ ಹತ್ತು, ಮೇ 24-25ರ ಹೊತ್ತಿಗೆ ಬರುತ್ತದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ನಾನು ಪಂಪು ಕಟ್ಟುವುದು ಅಂತ ಮನಸ್ಸಿನಲ್ಲಿ ಇಟ್ಟುಕೊಂಡೆ. ಕ್ಯಾಲೆಂಡರಿನ ತಾರೀಕು ಮರೆತುಹೋಗುತ್ತದೆ, ಪತ್ತನಾಜೆ ಮರೆಯುವುದಿಲ್ಲ.

ಮೊದಲ ಸಲದಿಂದ 40-45 ದಿನಕ್ಕೆ ಎರಡನೆಯದು ಆಗಬೇಕು. ಮೇ 28ರಿಂದ 45 ದಿನ ಎಂದರೆ ಜುಲೈ 12. ಆಟಿ ಸಂಕ್ರಮಣ ಜುಲೈ ನಡುವಿಗೆ. ಲೆಕ್ಕ ಸರಿ ಕೂತಿತು. ಮಳೆ ನಕ್ಷತ್ರ ಲೆಕ್ಕ ಹಾಕುವವರು ರೋಹಿಣಿಯಲ್ಲಿ ಒಂದು, ಪುನರ್ವಸುವಿನಲ್ಲಿ ಒಂದು ಎಂದು ನೆನಪಿಟ್ಟರೂ ಆಗುತ್ತದೆ. ಮಳೆ ಬಿಡದೆ ಎಳೆದರೆ ಮೂರನೇ ಸಲ ಬೇಕಾಗುತ್ತದೆ.

ಸಾಮಾನಿನ ಲೆಕ್ಕ: ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ. ನಮ್ಮಲ್ಲಿ ಮರಕ್ಕೆ ಒಂದೂಕಾಲು ಲೀಟರಿನಷ್ಟು ಹಿಡಿಯುತ್ತದೆ. 600 ಮರಕ್ಕೆ 750 ಲೀಟರ್, ಅಂದರೆ ಒಂದು ಸಲಕ್ಕೆ ಎರಡೂ ಏಳೂವರೆ ಕಿಲೋ. ಎಂಟು ಎಂದು ಹಿಡಿದು ಮೂರು ಸಲಕ್ಕೆ 24 ಕಿಲೋ ಮೈಲುತುತ್ತು ಒಟ್ಟಿಗೇ ತಂದಿಟ್ಟೆ. ಸುಣ್ಣ ಮಾತ್ರ ಆಯಾ ಸಲಕ್ಕೆ ಹೊಸದು. ಹಳೇ ಸುಣ್ಣ ಗಾಳಿಗೆ ಸತ್ತುಹೋಗಿರುತ್ತದೆ.

ಹೊಸಬರಿಗಾಗಿ ಎರಡು ಮಾತು: 50 ಲೀಟರಿನಲ್ಲಿ ಮೈಲುತುತ್ತು, 50 ಲೀಟರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ಪಾತ್ರೆ ಪ್ಲಾಸ್ಟಿಕ್ಕಿನದ್ದಿರಲಿ, ಕಬ್ಬಿಣದ್ದು ಬೇಡ. ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡಿ. ಕೆಂಪು ತಾಮ್ರದ ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು. ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕು.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ಗುರಿ ಎಂದರೆ ಇದೇ. ಒಂದು ಸಾಲಿನ ಹಿಂದೆ ಎಷ್ಟು ಮರ, ಎಷ್ಟು ದಿನ, ಎಷ್ಟು ಕಿಲೋ ಎಂಬ ಲೆಕ್ಕ ಇರಬೇಕು. ಲೆಕ್ಕ ಹಾಕಿದಾಗಲೇ ನಮ್ಮಿಂದ ಆಗುತ್ತದೋ ಇಲ್ಲವೋ ತಿಳಿಯುವುದು. ಆಗ್ಲಿಕ್ಕಿಲ್ಲ ಎಂದು ಬಿಸುವಿಗೇ ಗೊತ್ತಾದರೆ ಗುರಿ ಸಣ್ಣದು ಮಾಡಬಹುದು. ಆಟಿಯಲ್ಲಿ ಗೊತ್ತಾದರೆ ಏನೂ ಮಾಡುವ ಹಾಗಿಲ್ಲ.

ಮತ್ತೆ ಆ ಒಂದು ಹಿಡಿ ಬಿತ್ತ. ಸಾಲು ಬರೆದ ದಿನವೇ, ಸಂಜೆ, ಮದ್ದು ಬಿಡುವವನ ಮನೆಗೆ ಹೋದೆ. ಕಡಬು ಪಾಯಸದ ಹೊತ್ತು. “ಎಂತ ಅಣ್ಣ, ಬಿಸುವಿಗೇ ಮದ್ದಿನ ಮಾತಾಡ್ಲಿಕ್ಕೆ ಬಂದದ್ದು ನೀವೇ ಮೊದಲು” ಎಂದು ಅವನು ನಗಾಡಿದ. “ಪತ್ತನಾಜೆ ಆಗಿ ಮೂರನೇ ದಿನ ನಮ್ಮಲ್ಲಿಗೆ, ನಾಲ್ಕು ದಿನ. ಬರೆದುಕೊ” ಎಂದು ಮುಂಗಡ ಕೊಟ್ಟು ಬಂದೆ. ಜೂನ್ ಬಂದ ಮೇಲೆ ಹತ್ತು ಮನೆಯವರು ಅವನನ್ನು ಹುಡುಕುತ್ತಿದ್ದರು. ನಾನು ಹುಡುಕಲಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲಿ ನಿಂತೇ ಮದ್ದು ಬಿಡುವವರು ಆಗಿದ್ದಾರೆ. ಅವರಿಗೂ ಇದೇ ಮಾತು, ಮೊದಲು ದಿನ ಹಿಡಿಯಿರಿ.

ಲೆಕ್ಕದ ಸಾಲು

‘ಸಾಲ ಪೂರ್ತಿ ತೀರಿಸುವುದು’ ಎಂಬ ಸಾಲಿಗೆ ನಾನು ಹಲವು ವರ್ಷ ಮೋಸ ಹೋದವ. ಅಡಿಕೆ ಮಾರಿದ ಹಣ ಮನೆಗೆ ಬರುತ್ತದೆ, ಮನೆಗೆ ಬಂದ ಹಣಕ್ಕೆ ಹತ್ತು ದಾರಿ. ವರ್ಷದ ಕೊನೆಗೆ ಬಡ್ಡಿ ಕಟ್ಟಿ ಸಾಲ ಹೊಸದು ಮಾಡುವುದು.

2019ರಲ್ಲಿ ಹೀಗೆ ಬರೆದೆ: ‘ಅಡಿಕೆ ಕೊಟ್ಟ ದಿನವೇ, ಮನೆಗೆ ಬರುವ ಮೊದಲು, ಕ್ವಿಂಟಾಲಿಗೆ 4,000 ರೂಪಾಯಿಯಂತೆ ಸೊಸೈಟಿಗೆ.’ ಆ ವರ್ಷ ಕೊಟ್ಟದ್ದು ಆರು ಕ್ವಿಂಟಾಲ್, ಕಟ್ಟಿದ್ದು 24,000. ದೊಡ್ಡ ಮೊತ್ತ ಅಲ್ಲ. ಆದರೆ ಬಡ್ಡಿಗಲ್ಲದೆ ಅಸಲಿಗೆ ಅಂತ ನಾನು ಕಟ್ಟಿದ ಮೊದಲ ಹಣ ಅದು. ಸಾಲ ತೀರುವುದು ಯಾವಾಗಲೋ ಗೊತ್ತಿಲ್ಲ. ಕಟ್ಟುವುದು ಯಾವಾಗ ಎಂಬುದು ನನಗೆ ಗೊತ್ತಿತ್ತು.

ಇಲ್ಲಿ ಕಲಿತ ಪಾಠ: ಹೊಸ ಅಭ್ಯಾಸವನ್ನು ಹಳೇ ಕೆಲಸಕ್ಕೆ ಕಟ್ಟಬೇಕು. ಬಳ್ಳಿಗೆ ಮರ ಬೇಕಾದ ಹಾಗೆ. ‘ದಿನಾ ಲೆಕ್ಕ ಬರೆಯುವುದು’ ಎಂದರೆ ಆಗುವುದಿಲ್ಲ. ‘ಡಿಪೋಗೆ ಹಾಲು ಕೊಟ್ಟು ಬಂದು ಕಾಫಿ ಕುಡಿಯುವ ಮೊದಲು ಎರಡು ಸಾಲು’ ಎಂದರೆ ಆಗುತ್ತದೆ, ಯಾಕೆಂದರೆ ಹಾಲು ಕೊಡುವುದು ತಪ್ಪುವುದಿಲ್ಲ. ನಮ್ಮಲ್ಲಿ ಮಳೆ ಅಳೆಯುವುದೂ ಹೀಗೇ ಶುರುವಾದದ್ದು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. ನಮಗೂ ಅದೇ ಹೊತ್ತು, ತಿಂಡಿಯ ಮೊದಲು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಇದನ್ನು ಬರೆಯುತ್ತಾ ಬಂದರೆ ಯಾವ ವರ್ಷ ಮದ್ದಿಗೆ ಎಷ್ಟು ದಿನ ಎಡೆ ಸಿಕ್ಕಿತು ಎಂದು ಪುಸ್ತಕವೇ ಹೇಳುತ್ತದೆ.

ಮನೆಯ ಸಾಲು

ಇದನ್ನು ಕೊನೆಗೆ ಬರೆದಿದ್ದೇನೆ, ಆದರೆ 2019ರಲ್ಲಿ ಮೊದಲು ಬರೆದದ್ದು ಇದನ್ನೇ. ಆ ಬಿಸುವಿಗೆ ಪೆನ್ನು ಹಿಡಿದು ಮನೆಯವಳನ್ನು ಕೇಳಿದೆ, “ನಿನ್ನದೊಂದು ಹೇಳು.” ಅವಳು, “ಹೋದ ವರ್ಷದ ಒಂಬತ್ತನೆಯದು ಇನ್ನೂ ಅಲ್ಲೇ ಉಂಟಲ್ಲ” ಎಂದಳು.

ಯಾಕೆ ಆಗಿರಲಿಲ್ಲ ಎಂದು ಆಗ ಮೊದಲ ಸಲ ಇಬ್ಬರೂ ಕೂತು ಯೋಚಿಸಿದೆವು. ಹಣದ ತೊಂದರೆ ಅಂತ ನಾನು ಎಣಿಸಿದ್ದೆ. ಹಾಗಲ್ಲ. ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿ ಬರುವಾಗ ಸಂಜೆಯಾಗುತ್ತದೆ. ಮಧ್ಯಾಹ್ನ ದನ ಕರೆಯುವವರು ಯಾರು? ನಮ್ಮ ದನ ಅವಳಿಗಲ್ಲದೆ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಅಷ್ಟೇ ಕಾರಣ. ಅದಕ್ಕಾಗಿ ಒಂದು ವರ್ಷ ಅವಳು ಕಾಲೆಳೆದುಕೊಂಡು ನಡೆದಿದ್ದಳು.

ಸಾಲು ಹೀಗಾಯಿತು: ‘ಪಗ್ಗು ಮುಗಿಯುವ ಮೊದಲು ಮೊಣಕಾಲು ತೋರಿಸುವುದು. ಅಷ್ಟರೊಳಗೆ ದನ ಕರೆಯಲು ನಾನು ಕಲಿಯುವುದು.’ ಮರುದಿನ ಬೆಳಿಗ್ಗೆಯೇ ಹಟ್ಟಿಗೆ ಹೋದೆ. ದನ ಎರಡು ಸಲ ಒದೆಯಿತು. ಅವಳು ಪಕ್ಕದಲ್ಲಿ ನಿಂತು ಮೈ ತಡವಿದಳು. ಹತ್ತನೇ ದಿನಕ್ಕೆ ಮುಕ್ಕಾಲು ಹಾಲು ನನ್ನ ಕೈಗೂ ಇಳಿಯಿತು. ಮೇ ಮೊದಲ ವಾರ ಅವಳನ್ನು ತಂಗಿಯ ಜೊತೆ ಕಳಿಸಿದೆ. ಸ್ವಲ್ಪ ಮೊದಲೇ ಬರಬೇಕಿತ್ತು ಎಂದರಂತೆ ಡಾಕ್ಟರು. ವ್ಯಾಯಾಮ ಹೇಳಿಕೊಟ್ಟು, ನೆಲದಲ್ಲಿ ಕೂರುವುದು ಬೇಡ ಎಂದರು. ಅಡಿಕೆ ಸುಲಿಯುವ ಮಣೆಯನ್ನು ಎತ್ತರ ಮಾಡಿಸಿದೆವು. ನೋವು ಪೂರ್ತಿ ಹೋಗಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ನಿಂತಿದೆ.

ಈ ಸಾಲಿನಿಂದ ನಾನು ತಿಳಿದದ್ದು: ಒಂದು ಕೆಲಸ ವರ್ಷಗಟ್ಟಲೆ ಆಗದಿದ್ದರೆ ಮನಸ್ಸು ಗಟ್ಟಿ ಇಲ್ಲ ಎಂದು ಬೈದುಕೊಳ್ಳಬೇಡಿ. ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ. ಕಣಿಯಲ್ಲಿ ನೀರು ನಿಂತರೆ ನೀರನ್ನು ಬೈಯುವುದಿಲ್ಲ, ಸಿಕ್ಕಿಕೊಂಡ ಸೋಗೆ ತೆಗೆಯುತ್ತೇವೆ. ಹೆಚ್ಚಿನ ಸಲ ಅಡ್ಡ ಇರುವುದು ಒಂದು ಸಣ್ಣ ಸೋಗೆ.

ತಪ್ಪಿದರೆ?

ತಪ್ಪುತ್ತದೆ. 2020ರಲ್ಲಿ ತೋಟದ ಸಾಲು ಮಣ್ಣು ಪರೀಕ್ಷೆಯದ್ದು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮಣ್ಣಿನಲ್ಲಿ ಏನು ಉಂಟು, ಹುಳಿ ಎಷ್ಟು ಎಂದು ತಿಳಿಯದೆ ಹಾಕುತ್ತಿದ್ದೆ. ಪಗ್ಗು ತಿಂಗಳಲ್ಲಿ ಮಣ್ಣು ಕೊಡುವುದೆಂದು ಗೊತ್ತುಮಾಡಿದ್ದೆ. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಬಿಸು ಕಳೆದರೂ ದಾರಿಯೇ ಬಂದ್.

ಹಳೇ ನಾನಾಗಿದ್ದರೆ ಆ ವರ್ಷದ ಡೈರಿ ಮುಚ್ಚಿ ಇಡುತ್ತಿದ್ದೆ. ಈಗ ಅದಕ್ಕೊಂದು ಕ್ರಮ ಮಾಡಿಕೊಂಡಿದ್ದೇವೆ. ಸಾಲನ್ನು ಹೊಡೆದುಹಾಕುವುದಿಲ್ಲ, ಪಕ್ಕದಲ್ಲಿ ಇನ್ನೊಂದು ದಿನ ಬರೆಯುತ್ತೇವೆ. ‘ಪಗ್ಗು’ ಎಂದಿದ್ದಲ್ಲಿ ‘ದೀಪಾವಳಿ ಕಳೆದು, ಮಣ್ಣು ಆರಿದ ಮೇಲೆ’ ಎಂದು ಬರೆದೆ. ತೋಟದ ಹತ್ತು ಕಡೆಯಿಂದ ಒಂದಡಿ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟದ್ದು ಆ ಡಿಸೆಂಬರಿನಲ್ಲಿ. ಏಳು ತಿಂಗಳು ತಡ. ಆದರೂ ಆಯಿತು. ಹುಳಿ ಹೆಚ್ಚಿದೆ, ಸುಣ್ಣ ಹಾಕಿ ಎಂದು ಬಂತು. ಮುಂದಿನ ಬಿಸುವಿನ ತೋಟದ ಸಾಲು ತಾನಾಗಿಯೇ ಸಿಕ್ಕಿತು.

ವರ್ಷಕ್ಕೆ ನಾಲ್ಕು ಸಲ ಡೈರಿ ತೆಗೆಯುತ್ತೇವೆ: ಪತ್ತನಾಜೆ, ಆಟಿ ಅಮಾವಾಸ್ಯೆ, ದೀಪಾವಳಿ, ಮಕರ ಸಂಕ್ರಮಣ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಕೆತ್ತೆಯ ಕಷಾಯ ಕುಡಿದು ಬಾಯಿ ಕಹಿಯಾದಾಗ ಡೈರಿ ನೋಡುವುದು ಒಳ್ಳೆಯದು, ಕಹಿ ಎರಡೂ ಒಟ್ಟಿಗೆ ಮುಗಿಯುತ್ತದೆ! ಕಾಲು ಗಂಟೆ ಸಾಕು. ಏನಾಯಿತು, ಏನು ಸಿಕ್ಕಿಕೊಂಡಿದೆ, ಇನ್ನು ಯಾವ ದಿನ ಎಂದು ಮೂರು ಮಾತು. ಬೈಗಳು ಬೇಡ ಎಂಬುದು ನಮ್ಮಿಬ್ಬರ ಒಪ್ಪಂದ.

ಎರಡು ಎಚ್ಚರಿಕೆ

ಒಂದು, ನೆರೆಯವರ ಗುರಿ ನಕಲು ಮಾಡಬೇಡಿ. ಅವರ ತೋಟದ ನೀರು ಬೇರೆ, ಕೈ ಬೇರೆ, ಸಾಲ ಬೇರೆ. ನನ್ನ ಮೀನಿನ ಹೊಂಡ ಬಂದದ್ದು ಭಾವನ ಹೊಂಡ ನೋಡಿ. ಅವರದ್ದು ಗಟ್ಟಿ ಮಣ್ಣು, ನನ್ನದು ಜರಿಯುವ ಮಣ್ಣು. ಮೂರು ಸಾಲಿನ ಲೆಕ್ಕವೂ ನನ್ನ ಮನೆಯದ್ದು. ನಿಮ್ಮಲ್ಲಿ ಒಂದೇ ಸಾಲು ಸಾಕೆಂದು ಕಂಡರೆ ಒಂದೇ ಬರೆಯಿರಿ.

ಎರಡು, ಎಲ್ಲ ಮಾಡಿದರೂ ಫಲ ಬಾರದ ವರ್ಷ ಇರುತ್ತದೆ. ಎರಡು ಸಲ ಮದ್ದು ಬಿಟ್ಟೂ ಒಂದಷ್ಟು ಅಡಿಕೆ ಉದುರಿದ ವರ್ಷ ನಮಗೂ ಇದೆ. ಆಗ ದುಃಖ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ 2018ರ ದುಃಖಕ್ಕೂ ಇದಕ್ಕೂ ವ್ಯತ್ಯಾಸ ಉಂಟು. ಮಾಡದೆ ಕಳಕೊಂಡದ್ದು ರಾತ್ರಿ ನಿದ್ದೆ ಕೆಡಿಸುತ್ತದೆ. ಮಾಡಿಯೂ ಕಳಕೊಂಡದ್ದು ಬೆಳಗಾದ ಮೇಲೆ ಕೆಲಸಕ್ಕೆ ಬಿಡುತ್ತದೆ.

ಮುಂದಿನ ಬಿಸುವಿಗೆ, ಯುಗಾದಿಗೆ, ನೀವೂ ಒಂದು ಪುಟ ತೆಗೆಯಿರಿ. ಮೂರು ಸಾಲು ಬರೆಯಿರಿ. ಬರೆದ ದಿನವೇ, ಕತ್ತಲಾಗುವ ಮೊದಲು, ಯಾವುದಾದರೂ ಒಂದು ಸಾಲಿಗೆ ಒಂದು ಹಿಡಿ ಬಿತ್ತ ಹಾಕಿ. ಒಂದು ಫೋನು ಮಾಡುವುದಾಗಲಿ, ಮುಂಗಡ ಕೊಟ್ಟು ಬರುವುದಾಗಲಿ, ಹಟ್ಟಿಗೆ ಹೋಗಿ ದನದಿಂದ ಒದೆಸಿಕೊಳ್ಳುವುದಾಗಲಿ. ನಿಮ್ಮ ಯಾವ ಸಾಲು ಆಯಿತು, ಯಾವುದು ಸಿಕ್ಕಿಕೊಂಡಿತು ಎಂದು ಮುಂದಿನ ವರ್ಷ ಈ ಪತ್ರಿಕೆಗೇ ಒಂದು ಕಾಗದ ಬರೆಯಿರಿ. ಆದದ್ದಕ್ಕಿಂತ ಸಿಕ್ಕಿಕೊಂಡದ್ದನ್ನೇ ಹೆಚ್ಚು ಬರೆಯಿರಿ. ಉಳಿದವರಿಗೆ ಪಾಠ ಸಿಗುವುದು ಅದರಲ್ಲೇ.